ನೀರಿನಲ್ಲಿ ವಿಷ ಕಡಿಮೆ, ಹುಳುವಿನಲ್ಲಿ ಜಾಸ್ತಿ: ಪನೋಚಿ ಪಾಚಿ ಕೊಳಗಳ ಪ್ರಕರಣ

ಕ್ಯಾಲಿಫೋರ್ನಿಯಾದಲ್ಲಿ ಫೈರ್‌ಬಾ ಎಂಬ ಸಣ್ಣ ಊರಿದೆ. ಅದರ ಹತ್ತಿರದ ಹೊಲಗಳಿಂದ ಬಸಿದು ಬರುವ ನೀರನ್ನು ವಿಲೇವಾರಿ ಮಾಡುವುದು ಪನೋಚಿ ಡ್ರೈನೇಜ್ ಡಿಸ್ಟ್ರಿಕ್ಟ್ ಎಂಬ ಸ್ಥಳೀಯ ಸಂಸ್ಥೆಯ ಕೆಲಸ. 1990ರ ದಶಕದ ಕೊನೆಯಲ್ಲಿ ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಎಂಜಿನಿಯರುಗಳು ಇಲ್ಲಿ ಒಂದು ಪ್ರಾಯೋಗಿಕ ಘಟಕ ನಡೆಸಿದರು. ಪಾಚಿ ಮತ್ತು ಬ್ಯಾಕ್ಟೀರಿಯಾ ಎರಡನ್ನೂ ಬಳಸಿ ನೀರಿನಿಂದ ಸೆಲೆನಿಯಂ ಎಂಬ, ಜಾಸ್ತಿಯಾದರೆ ವಿಷವಾಗುವ ಮೂಲಧಾತುವನ್ನು ತೆಗೆಯುವುದು ಗುರಿ. ಘಟಕ ಚೆನ್ನಾಗಿಯೇ ಕೆಲಸ ಮಾಡಿತು. ಒಳಗೆ ಬಂದ ಸೆಲೆನಿಯಂನಲ್ಲಿ ಶೇ 80ರಷ್ಟನ್ನು ಅದು ಹಿಡಿದಿಟ್ಟಿತು.

ಆಮೇಲೆ ಅದೇ ಬರ್ಕ್ಲಿಯ ಜೀವವಿಜ್ಞಾನಿಗಳು ಬೇರೆ ಪ್ರಶ್ನೆ ಕೇಳಿದರು. ಶುದ್ಧವಾಗಿ ಹೊರಬಂದ ನೀರಿನಲ್ಲಿ ಬದುಕುವ ಜೀವಿಗಳ ಮೈಯಲ್ಲಿ ಎಷ್ಟು ಸೆಲೆನಿಯಂ ಸೇರುತ್ತದೆ? ಅವರ ಅಧ್ಯಯನ 2003ರಲ್ಲಿ ಪ್ರಕಟವಾಯಿತು. ಉತ್ತರ ಯಾರಿಗೂ ಇಷ್ಟವಾಗುವಂಥದ್ದಲ್ಲ. ಶುದ್ಧ ಮಾಡದ ನೀರಿನ ಜೀವಿಗಳಿಗಿಂತ ಶುದ್ಧ ಮಾಡಿದ ನೀರಿನ ಜೀವಿಗಳಲ್ಲೇ ವಿಷ ಜಾಸ್ತಿ ಸೇರಿತ್ತು.

ಪಾಚಿಯಿಂದ ಕೊಳಕು ನೀರು ಶುದ್ಧವಾಗುತ್ತದೆ ಎಂಬ ಸುದ್ದಿ ನಮ್ಮಲ್ಲೂ ಆಗಾಗ ಬರುತ್ತದೆ. ಶೇ 80 ತೆಗೆಯಿತು, ಶೇ 95 ತೆಗೆಯಿತು ಅಂತ ಒಂದು ಸಂಖ್ಯೆ ಕೊಟ್ಟು ಸುದ್ದಿ ಮುಗಿಯುತ್ತದೆ. ಆ ಸಂಖ್ಯೆ ಸುಳ್ಳಲ್ಲ. ಆದರೆ ಅದೊಂದನ್ನೇ ನೋಡಿದರೆ ಎಲ್ಲಿ ಎಡವುತ್ತೇವೆ ಅನ್ನುವುದಕ್ಕೆ ಪನೋಚಿಗಿಂತ ಒಳ್ಳೆಯ ಪ್ರಕರಣ ನನಗೆ ಗೊತ್ತಿಲ್ಲ.

ವಿಷ ಬಂದದ್ದು ಎಲ್ಲಿಂದ

ಫೈರ್‌ಬಾ ಇರುವ ಸ್ಯಾನ್ ವಾಕೀನ್ ಕಣಿವೆಯ ಪಶ್ಚಿಮ ಭಾಗ ಮೊದಲೇ ಒಣ ನಾಡು. 1960ರ ದಶಕದ ಕೊನೆಗೆ ದೊಡ್ಡ ಕಾಲುವೆಗಳ ನೀರು ಅಲ್ಲಿಗೆ ತಲುಪಿತು. ಬೆಳೆ ಚೆನ್ನಾಗಿ ಬಂತು. ಆದರೆ ಮಣ್ಣಿನ ಕೆಳಗೆ ಜೇಡಿಯ ಪದರ ಇತ್ತು, ನೀರು ಇಂಗಿ ಹೋಗಲು ದಾರಿ ಇರಲಿಲ್ಲ. ವರ್ಷಗಳು ಕಳೆದಂತೆ ನೆಲದಡಿಯ ನೀರು ಬೇರಿನ ಮಟ್ಟಕ್ಕೆ ಏರಿತು, ಜೊತೆಗೆ ಉಪ್ಪನ್ನೂ ತಂದಿತು. ತುಂಗಭದ್ರಾ ಅಚ್ಚುಕಟ್ಟಿನ ರೈತರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಗಂಗಾವತಿ, ಸಿಂಧನೂರು ಕಡೆಯ ಸವಳು-ಜವಳು ಭೂಮಿಯ ಕಥೆಯೂ ಇದೇ.

ಪರಿಹಾರವೂ ಎರಡೂ ಕಡೆ ಒಂದೇ. ಹೊಲದ ಅಡಿಯಲ್ಲಿ ತೂತಿನ ಪೈಪು ಹೂತು ಉಪ್ಪುನೀರನ್ನು ಬಸಿದು ಹೊರಗೆ ಹಾಕುವುದು. ಹೊರಗೆ ಅಂದರೆ ಎಲ್ಲಿಗೆ? ಕ್ಯಾಲಿಫೋರ್ನಿಯಾದವರು ಅದಕ್ಕೆ ಸ್ಯಾನ್ ಲೂಯಿಸ್ ಡ್ರೈನ್ ಎಂಬ ಕಾಂಕ್ರೀಟ್ ಬಸಿಗಾಲುವೆ ಕಟ್ಟಲು ಹೊರಟರು. ನದಿ ಮುಖಜ ಭೂಮಿಯವರೆಗೆ ಒಯ್ದು ಕೊನೆಗೆ ಕಡಲಿಗೆ ಸೇರಿಸುವುದು ಯೋಜನೆ. ದುಡ್ಡು ಸಾಲಲಿಲ್ಲ, ಕೆಳಗಿನವರು ಆಕ್ಷೇಪಿಸಿದರು. 1975ರ ಹೊತ್ತಿಗೆ ಸುಮಾರು 85 ಮೈಲಿ ಕಟ್ಟಿ ನಿಲ್ಲಿಸಿದರು. ಅರ್ಧಕ್ಕೆ ನಿಂತ ಕಾಲುವೆಯ ನೀರು ಮರ್ಸೆಡ್ ಜಿಲ್ಲೆಯ ಕೆಸ್ಟರ್ಸನ್ ಎಂಬ ಜಾಗದ 12 ಕೊಳಗಳಿಗೆ ಹೋಗತೊಡಗಿತು. ಒಟ್ಟು ಸುಮಾರು 1,280 ಎಕರೆ, ಆಳ ಕಡಿಮೆ. ಅದೇ ಜಾಗವನ್ನು ವಲಸೆ ಹಕ್ಕಿಗಳ ಆಶ್ರಯತಾಣ ಅಂತಲೂ ಮಾಡಿದ್ದರು! ಒಂದೇ ಕೊಳಕ್ಕೆ ಎರಡು ಕೆಲಸ, ಖರ್ಚು ಉಳಿಯಿತು ಅಂತ ಯಾರೋ ಖುಷಿಪಟ್ಟಿರಬೇಕು.

ಪಕ್ಕದ ಕೋಸ್ಟ್ ರೇಂಜ್ ಬೆಟ್ಟಗಳು ಹಿಂದೊಮ್ಮೆ ಸಮುದ್ರದ ತಳವಾಗಿದ್ದ ಕಲ್ಲಿನವು. ಆ ಕಲ್ಲಿನಲ್ಲಿ ಸೆಲೆನಿಯಂ ಇದೆ. ಬೆಟ್ಟದಿಂದ ಕೊಚ್ಚಿ ಬಂದ ಮಣ್ಣೇ ಕಣಿವೆಯ ಹೊಲ. ನೀರು ಹಾಯಿಸಿದಾಗ ಉಪ್ಪಿನ ಜೊತೆ ಸೆಲೆನಿಯಂ ಕೂಡ ಕರಗಿ ಬಂತು. ಕೆಸ್ಟರ್ಸನ್‌ಗೆ ಬರುತ್ತಿದ್ದ ನೀರಿನಲ್ಲಿ ಲೀಟರಿಗೆ ಸುಮಾರು 300 ಮೈಕ್ರೋಗ್ರಾಂ ಇತ್ತು.

ಮೊದಲು ಮೀನುಗಳು ಕಾಣೆಯಾದವು. ಸೊಳ್ಳೆ ಮರಿ ತಿನ್ನುವ ಗ್ಯಾಂಬೂಸಿಯಾ ಮೀನು ಮಾತ್ರ ಉಳಿಯಿತು. 1983ರಲ್ಲಿ ಅಮೆರಿಕದ ವನ್ಯಜೀವಿ ಇಲಾಖೆಯ ಹ್ಯಾರಿ ಓಲೆಂಡಾರ್ಫ್ ಮತ್ತು ಜೊತೆಗಾರರು ಹಕ್ಕಿಗಳ ಗೂಡು ಎಣಿಸಿದರು. ನಾಮದ ಕೋಳಿ, ಮೆಟ್ಟುಗಾಲು ಹಕ್ಕಿ, ಗುಳುಮುಳುಕ, ಬಾತು ಎಲ್ಲ ಸೇರಿ 347 ಗೂಡು. ಸುಮಾರು ಶೇ 40 ಗೂಡುಗಳಲ್ಲಿ ಒಂದಾದರೂ ಮರಿ ಮೊಟ್ಟೆಯೊಳಗೇ ಸತ್ತಿತ್ತು. ಸುಮಾರು ಶೇ 20 ಗೂಡುಗಳಲ್ಲಿ ಅಂಗವಿಕಲ ಮರಿ ಇತ್ತು. ಕಣ್ಣಿಲ್ಲದವು, ಕೊಕ್ಕು ತಿರುಚಿದವು, ಕಾಲಿಲ್ಲದವು. 1985ರಲ್ಲಿ ಸರ್ಕಾರ ಕೊಳಗಳನ್ನು ಮುಚ್ಚುವುದಾಗಿ ಘೋಷಿಸಿತು. 1986ಕ್ಕೆ ನೀರು ನಿಂತಿತು, 1988ರಲ್ಲಿ ತಗ್ಗುಗಳಿಗೆ ಮಣ್ಣು ತುಂಬಿದರು.

ಕಾಲುವೆ ಮುಚ್ಚಿತು ಅಂದಮಾತ್ರಕ್ಕೆ ಹೊಲ ಬಸಿಯುವುದು ನಿಲ್ಲುತ್ತದೆಯೇ? ಆ ನೀರನ್ನು ಏನು ಮಾಡಬೇಕು ಅನ್ನುವ ಪ್ರಶ್ನೆಯಿಂದಲೇ ಪಾಚಿ ಕೊಳ ಹುಟ್ಟಿದ್ದು.

ಕೊಳದೊಳಗೆ ನಡೆಯುವುದೇನು

ಈ ವಿದ್ಯೆಯ ಹಿಂದೆ ಇದ್ದವರು ಬರ್ಕ್ಲಿಯ ಪ್ರೊಫೆಸರ್ ವಿಲಿಯಂ ಆಸ್ವಾಲ್ಡ್. ಊರಿನ ಚರಂಡಿ ನೀರನ್ನು ಪಾಚಿಯಿಂದ ಶುದ್ಧ ಮಾಡುವ ಕೆಲಸವನ್ನು ಅವರು 1950ರ ದಶಕದಲ್ಲೇ ಶುರು ಮಾಡಿದ್ದರು. ಓಟದ ಮೈದಾನದ ಆಕಾರದ, ಮೊಣಕಾಲು ಮುಳುಗುವಷ್ಟೂ ಆಳವಿಲ್ಲದ ಕೊಳ. ಅದರಲ್ಲಿ ನಿಧಾನವಾಗಿ ತಿರುಗುವ ಒಂದು ಚಕ್ರ ನೀರನ್ನು ಸದಾ ಚಲನೆಯಲ್ಲಿಡುತ್ತದೆ. ಬಿಸಿಲು ಎಲ್ಲ ಕಡೆ ತಲುಪುತ್ತದೆ, ಪಾಚಿ ಭರ್ರನೆ ಬೆಳೆಯುತ್ತದೆ. ಈಗ ಜಗತ್ತಿನ ಎಲ್ಲೆಡೆ ಸ್ಪಿರುಲಿನಾ ಬೆಳೆಸುವವರು ಬಳಸುವುದೂ ಇದೇ ಬಗೆಯ ಕೊಳವನ್ನು. ಸೆಲೆನಿಯಂ ಗಲಾಟೆ ಆದ ಮೇಲೆ ಆಸ್ವಾಲ್ಡ್ ತಂಡ ಮೆಂಡೋಟಾ ಹತ್ತಿರ ಸಣ್ಣ ಪ್ರಮಾಣದಲ್ಲಿ ಪ್ರಯೋಗ ಮಾಡಿತು. ನಂತರ ಟ್ರಿಗ್ ಲುಂಡ್‌ಕ್ವಿಸ್ಟ್, ಬೇಯ್ಲಿ ಗ್ರೀನ್ ಮುಂತಾದವರು ಪನೋಚಿಯಲ್ಲಿ ದೊಡ್ಡ ಘಟಕ ಕಟ್ಟಿದರು.

ಇಲ್ಲಿ ಜನ ತಪ್ಪು ತಿಳಿಯುವ ಒಂದು ವಿಷಯ ಇದೆ. ಪಾಚಿ ಸೆಲೆನಿಯಂ ಅನ್ನು ಹೀರಿಕೊಂಡು ನೀರು ಶುದ್ಧ ಮಾಡಿತು ಅಂದುಕೊಳ್ಳುತ್ತೇವೆ. ಪನೋಚಿಯಲ್ಲಿ ಪಾಚಿಯ ಮುಖ್ಯ ಕೆಲಸ ಅದಲ್ಲ. ಅದು ಬ್ಯಾಕ್ಟೀರಿಯಾಗಳಿಗೆ ಊಟ.

ಹೊಲದಿಂದ ಬರುವ ಸೆಲೆನಿಯಂ ಹೆಚ್ಚಾಗಿ ಸೆಲೆನೇಟ್ ರೂಪದಲ್ಲಿರುತ್ತದೆ. ಸಕ್ಕರೆಯ ಹಾಗೆ ಪೂರ್ತಿ ಕರಗಿರುತ್ತದೆ, ಸೋಸಿದರೆ ಸಿಗುವುದಿಲ್ಲ. ಪಾಚಿ ಕೊಳದ ಜೊತೆಗಿರುವ, ಗಾಳಿಯಿಲ್ಲದ ಇನ್ನೊಂದು ಕೊಳದಲ್ಲಿ ಕೆಲವು ಬ್ಯಾಕ್ಟೀರಿಯಾಗಳು ಇದನ್ನು ಆಮ್ಲಜನಕದ ಬದಲಿಗೆ ಉಸಿರಾಟಕ್ಕೆ ಬಳಸುತ್ತವೆ. ಆಗ ಸೆಲೆನೇಟ್ ಮೊದಲು ಸೆಲೆನೈಟ್ ಆಗುತ್ತದೆ, ಆಮೇಲೆ ಬರೀ ಸೆಲೆನಿಯಂ ಆಗುತ್ತದೆ. ಇದು ಕೆಂಪು ಪುಡಿ, ನೀರಿನಲ್ಲಿ ಕರಗದು, ತಳಕ್ಕೆ ಕೂರುತ್ತದೆ. ಶುದ್ಧೀಕರಣ ಅಂದರೆ ಇಷ್ಟೇ.

ಆದರೆ ಬ್ಯಾಕ್ಟೀರಿಯಾಗಳಿಗೂ ಆಯ್ಕೆ ಇದೆ. ನೀರಿನಲ್ಲಿ ಆಮ್ಲಜನಕ ಇದ್ದರೆ ಮೊದಲು ಅದು ಬೇಕು. ಅದು ಮುಗಿದರೆ ನೈಟ್ರೇಟ್. ಮದುವೆ ಊಟದಲ್ಲಿ ಹೋಳಿಗೆ ಬಡಿಸುತ್ತಿರುವಾಗ ಅನ್ನ-ಸಾರು ಯಾರು ಕೇಳುತ್ತಾರೆ? ಹಾಗೆ, ನೈಟ್ರೇಟ್ ಖಾಲಿಯಾಗುವವರೆಗೆ ಸೆಲೆನೇಟ್ ಕಡೆ ಅವು ಸರಿಯಾಗಿ ತಿರುಗುವುದಿಲ್ಲ. ಹೊಲದ ನೀರಿನಲ್ಲಿ ಗೊಬ್ಬರದಿಂದ ಮತ್ತು ಮಣ್ಣಿನಿಂದ ಬಂದ ನೈಟ್ರೇಟ್ ಧಾರಾಳ. ಅದನ್ನೆಲ್ಲ ಮುಗಿಸಬೇಕಾದರೆ ಬ್ಯಾಕ್ಟೀರಿಯಾಗಳಿಗೆ ಬಹಳ ಆಹಾರ ಬೇಕು. ಆಲ್ಕೋಹಾಲ್ ಕೊಂಡು ಸುರಿದರೆ ದುಬಾರಿ. ಬಿಸಿಲು ಪುಕ್ಕಟೆ, ನೀರಿನಲ್ಲೇ ಗೊಬ್ಬರ ಇದೆ, ಹಾಗಾದರೆ ಪಾಚಿ ಬೆಳೆಸಿ ಅದನ್ನೇ ತಿನ್ನಿಸೋಣ. ಆಸ್ವಾಲ್ಡ್ ತಂಡದ ಲೆಕ್ಕಾಚಾರ ಇದು. ನಿಜವಾಗಿಯೂ ಜಾಣ ಲೆಕ್ಕ.

ಆಚರಣೆಯಲ್ಲಿ ಸ್ವಲ್ಪ ತೊಡಕಾಯಿತು. ಪಾಚಿಯ ಕೋಶದ ಗೋಡೆ ಗಟ್ಟಿ, ಬೇಗ ಕೊಳೆಯುವುದಿಲ್ಲ. ಬರೀ ಪಾಚಿಯ ಮೇಲೆ ನಡೆಸಿದರೆ ಕೆಲಸ ನಿಧಾನ. ಅದಕ್ಕೆ ಜೊತೆಗೆ ಕಾಕಂಬಿ ಹಾಕಿದರು. ಹೌದು, ಸಕ್ಕರೆ ಕಾರ್ಖಾನೆಯ ಅದೇ ಕಾಕಂಬಿ, ದನದ ಮೇವಿಗೆ ಹಾಕುವಂಥದ್ದು. ಅದರಿಂದ ಫಲಿತಾಂಶ ಸ್ಥಿರವಾಯಿತು. ನೈಟ್ರೇಟ್ ಬಹುಪಾಲು ಹೋಯಿತು, ಒಟ್ಟು ಸೆಲೆನಿಯಂ ಶೇ 80ರಷ್ಟು ಇಳಿಯಿತು. ಕೆಸರೂ ಅಷ್ಟೇನೂ ಬೇಗ ತುಂಬಲಿಲ್ಲ. ಹೊಲದ ಪಕ್ಕದಲ್ಲಿ, ದೊಡ್ಡ ಯಂತ್ರಗಳಿಲ್ಲದೆ, ಮಣ್ಣಿನ ಕೊಳದಲ್ಲಿ ಇಷ್ಟು ಸಾಧಿಸುವುದು ಸಣ್ಣ ಮಾತಲ್ಲ.

ಉಳಿದ ಶೇ 20

ಈಗ ತೊಂದರೆಯ ಜಾಗಕ್ಕೆ ಬರೋಣ. ಇದನ್ನು ನಿಧಾನವಾಗಿ ನೋಡಬೇಕು.

ಒಳಗೆ 100 ಪಾಲು ಸೆಲೆನಿಯಂ ಬಂತು ಅಂತಿಟ್ಟುಕೊಳ್ಳಿ. ಬಹುತೇಕ ಎಲ್ಲವೂ ಸೆಲೆನೇಟ್. 80 ಪಾಲು ಕೊಳದ ತಳದಲ್ಲಿ ಉಳಿಯಿತು. 20 ಪಾಲು ಹೊರಗೆ ಹೋಯಿತು. ಆದರೆ ಹೊರಗೆ ಹೋದ 20 ಪಾಲು ಒಳಗೆ ಬಂದ ಸೆಲೆನಿಯಂನ ಹಾಗಿಲ್ಲ. ಬ್ಯಾಕ್ಟೀರಿಯಾ ಮತ್ತು ಪಾಚಿಯ ಕೈಯಿಂದ ಹಾದು ಬಂದ ಮೇಲೆ ಅದರಲ್ಲಿ ಸೆಲೆನೈಟ್ ಮತ್ತು ಸಾವಯವ ಸೆಲೆನಿಯಂನ ಪಾಲು ಜಾಸ್ತಿಯಾಗಿತ್ತು. ಸಾವಯವ ಅಂದರೆ ಇಲ್ಲಿ ಜೀವಿಯ ಮೈಯೊಳಗೆ ತಯಾರಾದದ್ದು ಅಂತ ಅರ್ಥ, ಒಳ್ಳೆಯದು ಅಂತಲ್ಲ.

ಸೆಲೆನಿಯಂ ರಸಾಯನದಲ್ಲಿ ಗಂಧಕದ ನೆಂಟ. ಸೆಲೆನೇಟ್ ಪಾಚಿಯ ಕೋಶದೊಳಗೆ ನುಗ್ಗಬೇಕಾದರೆ ಸಲ್ಫೇಟ್ ಹೋಗುವ ಬಾಗಿಲಲ್ಲೇ ಹೋಗಬೇಕು. ಈ ಕಣಿವೆಯ ಬಸಿನೀರಿನಲ್ಲಿ ಸಲ್ಫೇಟ್ ವಿಪರೀತ. ಬಾಗಿಲಲ್ಲಿ ಅಷ್ಟು ನೂಕುನುಗ್ಗಲು ಇರುವಾಗ ಸೆಲೆನೇಟ್‌ಗೆ ಒಳಗೆ ಹೋಗುವುದು ಕಷ್ಟ. ಸೆಲೆನೈಟ್‌ಗೆ ಆ ತಡೆ ಅಷ್ಟಾಗಿ ಇಲ್ಲ. ಸಾವಯವ ರೂಪಕ್ಕಂತೂ ಇನ್ನೂ ಸಲೀಸು. ಅಂದರೆ ಘಟಕ ಸುಲಭಕ್ಕೆ ಒಳಹೋಗದ 100 ಪಾಲನ್ನು ತೆಗೆದುಕೊಂಡು ಸುಲಭಕ್ಕೆ ಒಳಹೋಗುವ 20 ಪಾಲನ್ನು ಕೊಟ್ಟಿತು.

ಒಮ್ಮೆ ಪಾಚಿಯೊಳಗೆ ಹೋದರೆ ಮುಂದಿನ ದಾರಿ ನೇರ. ನೀರಿನಿಂದ ಪಾಚಿಗೆ ಹೋಗುವ ಮೊದಲ ಹೆಜ್ಜೆಯಲ್ಲೇ ಸೆಲೆನಿಯಂ ಸಾಂದ್ರತೆ ನೂರಾರು, ಸಾವಿರಾರು ಪಟ್ಟು ಏರುತ್ತದೆ. ಪಾಚಿಯನ್ನು ಹುಳು ತಿನ್ನುತ್ತದೆ. ಹುಳುವನ್ನು ಮೀನು, ಹಕ್ಕಿ ತಿನ್ನುತ್ತವೆ. ಮೀನು ಮತ್ತು ಹಕ್ಕಿಗಳಿಗೆ ಸೆಲೆನಿಯಂ ಸೇರುವುದು ಮುಖ್ಯವಾಗಿ ಊಟದಿಂದ, ಕುಡಿದ ನೀರಿನಿಂದ ತೀರಾ ಕಡಿಮೆ. ತಾಯಿಯ ಮೈಯಿಂದ ಅದು ಮೊಟ್ಟೆಗೆ ಹೋಗುತ್ತದೆ. ಅಲ್ಲಿ ಬೆಳೆಯುತ್ತಿರುವ ಭ್ರೂಣವನ್ನು ಕೆಡಿಸುತ್ತದೆ. ಕೆಸ್ಟರ್ಸನ್‌ನಲ್ಲಿ ದೊಡ್ಡ ಹಕ್ಕಿಗಳು ಓಡಾಡಿಕೊಂಡಿದ್ದಾಗಲೇ ಮರಿಗಳು ವಿಕಾರವಾಗಿ ಹುಟ್ಟಿದ್ದು ಹೀಗೆ.

ಇದರಲ್ಲಿ ಯಾರ ಲೆಕ್ಕ ತಪ್ಪು? ನನ್ನ ಪ್ರಕಾರ ಯಾರದ್ದೂ ಅಲ್ಲ. ಎಂಜಿನಿಯರುಗಳಿಗೆ ಕೊಟ್ಟಿದ್ದ ಗುರಿಯೇ ಒಟ್ಟು ಸೆಲೆನಿಯಂ ತೂಕ. ಆ ಪ್ರದೇಶದಲ್ಲಿ 1996ರಲ್ಲಿ ಶುರುವಾದ ಗ್ರಾಸ್‌ಲ್ಯಾಂಡ್ ಬೈಪಾಸ್ ಯೋಜನೆಯಲ್ಲಿ ನದಿಗೆ ತಿಂಗಳಿಗೆ, ವರ್ಷಕ್ಕೆ ಇಷ್ಟೇ ಪೌಂಡ್ ಸೆಲೆನಿಯಂ ಬಿಡಬಹುದು ಅಂತ ಮಿತಿ ಹಾಕಿದ್ದರು. ಮೀರಿದರೆ ದಂಡ. ಪೌಂಡಿನಲ್ಲಿ ಅಳೆದರೆ ಪನೋಚಿ ಘಟಕ ಪಾಸು. ಹುಳುವಿನ ಮೈಯಲ್ಲಿ ಅಳೆದರೆ ಫೇಲು. ಅಳತೆಯ ಜಾಗ ಬದಲಾದಾಗ ಫಲಿತಾಂಶವೇ ತಲೆಕೆಳಗಾಯಿತು. ಅದೇ ವಿಶ್ವವಿದ್ಯಾಲಯದ ಇನ್ನೊಂದು ವಿಭಾಗ ಇದನ್ನು ಪರೀಕ್ಷಿಸಿ, ಮುಚ್ಚಿಡದೆ ಪ್ರಕಟಿಸಿತು. ಅದಕ್ಕೆ ನಾವು ಕೃತಜ್ಞರಾಗಿರಬೇಕು. ಇಂಥ ಕೆಲಸ ಎಲ್ಲ ಕಡೆ ನಡೆಯುವುದಿಲ್ಲ, ಅಲ್ವಾ?

ಹಾಗಂತ ವಿಧಾನವನ್ನೇ ಕಸದ ಬುಟ್ಟಿಗೆ ಹಾಕುವುದೂ ಸರಿಯಲ್ಲ. ಹೊರಬರುವ ನೀರಿನಿಂದ ಪಾಚಿಯ ಕಣಗಳನ್ನು ಚೆನ್ನಾಗಿ ಸೋಸಿದರೆ ಒಂದಷ್ಟು ಸಾವಯವ ಸೆಲೆನಿಯಂ ಅಲ್ಲೇ ನಿಲ್ಲುತ್ತದೆ. ನೀರನ್ನು ನದಿಗೆ, ಕೆರೆಗೆ ಬಿಡದೆ ಮತ್ತೆ ಬಳಸುವುದಾದರೆ ಹುಳು-ಮೀನಿನ ಸರಪಳಿಗೆ ಅದು ಅಷ್ಟಾಗಿ ಸೇರುವುದಿಲ್ಲ. ನಿಂತ ನೀರಿನಲ್ಲಿ ಅಪಾಯ ಜಾಸ್ತಿ, ಹರಿಯುವ ನೀರಿನಲ್ಲಿ ಕಡಿಮೆ. ಇವನ್ನೆಲ್ಲ ಮೊದಲೇ ಕೇಳಬೇಕು.

ಪಾಚಿಗೆ ಇನ್ನೊಂದು ಗುಣವೂ ಇದೆ. ಕ್ಲೋರೆಲ್ಲಾದಂಥ ಕೆಲವು ಪಾಚಿಗಳು ಸೆಲೆನಿಯಂ ಅನ್ನು ಡೈಮೀಥೈಲ್ ಸೆಲೆನೈಡ್ ಎಂಬ ಆವಿಯಾಗಿ ಗಾಳಿಗೆ ಬಿಡುತ್ತವೆ. ಬೆಳ್ಳುಳ್ಳಿಯಂಥ ವಾಸನೆ. ಬರ್ಕ್ಲಿಯ ನಾರ್ಮನ್ ಟೆರಿ ಅವರ ತಂಡ 2013ರಲ್ಲಿ ನೀರನ್ನು ಜೌಗು ಕೊಳಗಳಿಗೆ ಬಿಡುವ ಮೊದಲಿನ ಹಂತವಾಗಿ ಇದನ್ನು ಬಳಸುವ ಬಗ್ಗೆ ಪ್ರಕಟಿಸಿತು. ಆವಿಯಾಗಿ ಹೋದದ್ದು ಆ ಕೊಳದ ಆಹಾರ ಸರಪಳಿಯಿಂದ ಹೊರಗೆ ಹೋಯಿತು, ಅಷ್ಟು ಲಾಭ. ಆವಿಯಾಗದೆ ಪಾಚಿಯ ಮೈಯಲ್ಲಿ ಉಳಿದದ್ದರ ವಿಷಯದಲ್ಲಿ ಮಾತ್ರ ಮೇಲಿನ ಪ್ರಶ್ನೆಯೇ ಮತ್ತೆ ಬರುತ್ತದೆ.

ಕೊನೆಗೆ ಕಣಿವೆಯಲ್ಲಿ ಆದದ್ದು

ಪಾಚಿ ಕೊಳ ಇಡೀ ಪ್ರದೇಶಕ್ಕೆ ಹರಡಲಿಲ್ಲ. ನದಿಗೆ ಹೋಗುವ ಸೆಲೆನಿಯಂ ಇಳಿದದ್ದು ಬೇರೆ ದಾರಿಯಲ್ಲಿ. ಹನಿ ನೀರಾವರಿ ಬಂತು, ಬಸಿನೀರೇ ಕಡಿಮೆಯಾಯಿತು. 2001ರಿಂದ ಉಳಿದ ಬಸಿನೀರನ್ನು ಉಪ್ಪು ತಡೆಯುವ ಹುಲ್ಲು, ಪಿಸ್ತಾ ಮುಂತಾದ ಬೆಳೆಗಳಿಗೆ ಹಾಯಿಸತೊಡಗಿದರು. ಕೆಲವು ಹೊಲಗಳನ್ನು ಬೇಸಾಯದಿಂದಲೇ ಕೈಬಿಟ್ಟರು. ಶುದ್ಧ ಮಾಡಿ ಬಿಡುವುದಕ್ಕಿಂತ ಬಿಡದೇ ಇರುವುದು ಅಗ್ಗವಾಯಿತು. ಉಪ್ಪು ಮಾತ್ರ ಎಲ್ಲಿಗೂ ಹೋಗಿಲ್ಲ, ಅದೇ ಮಣ್ಣಿನಲ್ಲಿ ಕೂರುತ್ತಿದೆ. ಅದು ಬೇರೆಯೇ ಪ್ರಕರಣ.

ನಿಯಮ ಬದಲಾದದ್ದು ಮುಖ್ಯ. 1987ರಲ್ಲಿ ಅಮೆರಿಕದ ಪರಿಸರ ಸಂಸ್ಥೆ ಸಿಹಿನೀರಿಗೆ ಲೀಟರಿಗೆ 5 ಮೈಕ್ರೋಗ್ರಾಂ ಮಿತಿ ಹಾಕಿತ್ತು. ಅದಕ್ಕೆ ಆಧಾರ ಉತ್ತರ ಕ್ಯಾರೊಲಿನಾದ ಬೆಲ್ಯೂಸ್ ಸರೋವರ. ಅಲ್ಲಿ ಕಲ್ಲಿದ್ದಲು ವಿದ್ಯುತ್ ಸ್ಥಾವರದ ಬೂದಿ ಹೊಂಡದ ನೀರು ಸೇರಿ, 1970ರ ದಶಕದಲ್ಲಿ 20 ಜಾತಿಯ ಮೀನುಗಳಲ್ಲಿ 19 ಜಾತಿ ನಾಶವಾದವು. ನೀರಿನಲ್ಲಿದ್ದದ್ದು ಲೀಟರಿಗೆ ಸುಮಾರು 10 ಮೈಕ್ರೋಗ್ರಾಂ ಅಷ್ಟೇ. 2016ರಲ್ಲಿ ಸಂಸ್ಥೆ ಮಿತಿಯ ಸ್ವರೂಪವನ್ನೇ ಬದಲಿಸಿತು. ಈಗ ಮೊದಲು ನೋಡುವುದು ಮೀನಿನ ಮೊಟ್ಟೆ. ಒಣ ತೂಕದ ಕಿಲೋಗೆ 15.1 ಮಿಲಿಗ್ರಾಂ ಮೀರಬಾರದು. ಮೊಟ್ಟೆ ಸಿಗದಿದ್ದರೆ ಇಡೀ ಮೀನಿನಲ್ಲಿ 8.5 ಅಥವಾ ಮಾಂಸದಲ್ಲಿ 11.3. ಇವು ಯಾವುವೂ ಸಿಗದಿದ್ದಾಗ ನೀರಿನ ಅಳತೆ: ನಿಂತ ನೀರಿಗೆ 1.5 ಮೈಕ್ರೋಗ್ರಾಂ, ಹರಿಯುವ ನೀರಿಗೆ 3.1. ಪನೋಚಿಯ ಜೀವವಿಜ್ಞಾನಿಗಳು ಕೇಳಿದ ಪ್ರಶ್ನೆಯೇ ಈಗ ಸಂಸ್ಥೆಯ ಮಾನದಂಡದ ಮೊದಲ ಸಾಲು.

ನಮ್ಮ ಲೆಕ್ಕ ಎಲ್ಲಿದೆ

ಭಾರತದಲ್ಲಿ ಕಾರ್ಖಾನೆಯಿಂದ ಕೆರೆ-ನದಿಗೆ ಬಿಡುವ ನೀರಿನಲ್ಲಿ ಸೆಲೆನಿಯಂ ಮಿತಿ ಲೀಟರಿಗೆ 0.05 ಮಿಲಿಗ್ರಾಂ. ಅಂದರೆ 50 ಮೈಕ್ರೋಗ್ರಾಂ. ಕುಡಿಯುವ ನೀರಿಗೆ 10. ಪೈಪಿನ ತುದಿಯ ಮಿತಿಯನ್ನು ಕೆರೆಯ ಮಿತಿಯ ಜೊತೆ ನೇರ ಹೋಲಿಸುವುದು ನ್ಯಾಯವಲ್ಲ, ನದಿಯಲ್ಲಿ ನೀರು ಬೆರೆತು ತೆಳುವಾಗುತ್ತದೆ ಅನ್ನುವ ವಾದ ಇದೆ. ಆದರೆ ಬೇಸಿಗೆಯಲ್ಲಿ ನಮ್ಮ ಹಳ್ಳಗಳಲ್ಲಿ ಬೆರೆಯಲು ಬೇರೆ ನೀರು ಎಲ್ಲಿರುತ್ತದೆ? ಕಾರ್ಖಾನೆಯ ನೀರೇ ಹಳ್ಳ.

ಸೆಲೆನಿಯಂ ಅಮೆರಿಕದ ತೊಂದರೆ ಮಾತ್ರ ಅಂದುಕೊಳ್ಳಬೇಡಿ. ಪಂಜಾಬಿನ ಹೋಶಿಯಾರ್‌ಪುರ, ನವಾನ್‌ಶಹರ್ ಕಡೆ ಮಣ್ಣಿನಲ್ಲೇ ಅದು ಹೆಚ್ಚಿದೆ. ಅಲ್ಲಿ ದನಗಳ ಗೊರಸು, ಕೊಂಬು ಬಿರಿಯುವುದು ದಾಖಲಾಗಿದೆ. ನಮ್ಮಲ್ಲಿ ರಾಯಚೂರು, ಬಳ್ಳಾರಿಯಲ್ಲಿ ಕಲ್ಲಿದ್ದಲು ಸ್ಥಾವರಗಳಿವೆ, ಅವಕ್ಕೆ ಬೂದಿ ಹೊಂಡಗಳಿವೆ. ಕಲ್ಲಿದ್ದಲಿನಲ್ಲಿ ಸ್ವಲ್ಪವಾದರೂ ಸೆಲೆನಿಯಂ ಇದ್ದೇ ಇರುತ್ತದೆ. ಹೊಂಡದ ಆಸುಪಾಸಿನ ಹಳ್ಳದ ಮೀನನ್ನು ಆಗಾಗ ಪರೀಕ್ಷಿಸಿದರೆ ತಪ್ಪೇನೂ ಇಲ್ಲ.

ಪಾಚಿ ಘಟಕದ ಪ್ರಸ್ತಾವ ಮುಂದೆ ಬಂದಾಗ ಕೇಳಬೇಕಾದ ಪ್ರಶ್ನೆಗಳು ಪನೋಚಿಯಿಂದ ಸಿಗುತ್ತವೆ. ಕ್ರೋಮಿಯಂ, ಕ್ಯಾಡ್ಮಿಯಂ, ಪಾದರಸ ಯಾವುದೇ ಇರಲಿ, ಅವು ಮೂಲಧಾತುಗಳು, ಮಾಯವಾಗುವುದಿಲ್ಲ. ನೀರಿನಿಂದ ಹೋದದ್ದು ಪಾಚಿಯಲ್ಲೋ ಕೆಸರಿನಲ್ಲೋ ಇದೆ. ಆ ಪಾಚಿಯನ್ನು ಗೊಬ್ಬರ, ಮೀನಿನ ಮೇವು ಅಂತ ಮಾರುವ ಯೋಚನೆ ಪ್ರಸ್ತಾವದಲ್ಲಿದ್ದರೆ ಅಲ್ಲೇ ನಿಲ್ಲಿಸಿ ಕೇಳಿ. ಬಣ್ಣದ ಕಾರ್ಖಾನೆಯ ನೀರಿನ ನೈಟ್ರೇಟ್, ಫಾಸ್ಫೇಟ್ ತಿಂದು ಬೆಳೆದ ಪಾಚಿಗೂ, ಲೋಹ ಹಿಡಿದ ಪಾಚಿಗೂ ವ್ಯತ್ಯಾಸ ಇದೆ. ಎರಡನ್ನೂ ಒಂದೇ ಹಸಿರು ಚಿತ್ರದಲ್ಲಿ ತೋರಿಸುತ್ತಾರೆ. ಹೊರಗೆ ಹೋಗುವ ಪಾಲು ಯಾವ ರೂಪದಲ್ಲಿದೆ ಅನ್ನುವುದನ್ನೂ ಕೇಳಿ. ಕ್ರೋಮಿಯಂ ವಿಷಯದಲ್ಲಿ ಇದು ಸೆಲೆನಿಯಂನ ಉಲ್ಟಾ. ಆರು ವೇಲೆನ್ಸಿಯ ರೂಪ ಅಪಾಯ, ಬ್ಯಾಕ್ಟೀರಿಯಾ ಅದನ್ನು ಬದಲಿಸಿದಾಗ ಸಿಗುವ ಮೂರರದ್ದು ಅಷ್ಟಿಲ್ಲ. ಹಾಗಾಗಿ ಒಂದು ಧಾತುವಿನಲ್ಲಿ ಕಲಿತದ್ದನ್ನು ಇನ್ನೊಂದಕ್ಕೆ ಸುಮ್ನೆ ಅಂಟಿಸಲು ಬರುವುದಿಲ್ಲ.

ಇದಕ್ಕೆ ಬೇಕಾದ ಪರೀಕ್ಷೆ ದೊಡ್ಡದೇನಲ್ಲ. ಘಟಕದ ಒಳಬರುವ ನೀರಿನಲ್ಲಿ ಒಂದು ತೊಟ್ಟಿ, ಹೊರಹೋಗುವ ನೀರಿನಲ್ಲಿ ಒಂದು ತೊಟ್ಟಿ. ಎರಡರಲ್ಲೂ ಒಂದೇ ಜಾತಿಯ ಬಸವನಹುಳು, ಮೀನು ಬಿಟ್ಟು ಕೆಲವು ವಾರ ಬೆಳೆಸುವುದು. ಆಮೇಲೆ ಒಣಗಿಸಿ, ಆಮ್ಲದಲ್ಲಿ ಕರಗಿಸಿ, ನೀರಿನ ಲೋಹ ಅಳೆಯುವ ಅದೇ ಯಂತ್ರದಲ್ಲಿ ಅಳೆಯುವುದು. ಟೆಂಡರಿನಲ್ಲಿ ಇದನ್ನು ಒಂದು ಷರತ್ತಾಗಿ ಸೇರಿಸಬಹುದು: ಹೊರಹೋಗುವ ನೀರಿನ ತೊಟ್ಟಿಯ ಮೀನಿನಲ್ಲಿ ವಿಷ ಕಡಿಮೆ ಇದ್ದರೆ ಮಾತ್ರ ಗುತ್ತಿಗೆದಾರನಿಗೆ ಕೊನೆಯ ಕಂತು.